ಮದುವೆ ಕಾರಿಗೆ ಮಡಕೆ ಸ್ಪೀಕರ್

೧೯೮೮ರಲ್ಲಿ ನಾನು ಹೊಸೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಐಟಿಐನಲ್ಲಿ ರೇಡಿಯೋ ಮೆಕ್ಯಾನಿಕ್ ಕೋರ್ಸ್ ಮುಗಿಸಿ, ಒಂದು ಲಾರಿ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಕೆಲವು ವರ್ಷ ದುಡಿದು, ಶಿಫ್ಟಿನ ಸೈರನ್ನಿಗೆ ಏಳುವುದು ಬೇಸರವಾಗಿ ಸ್ವಂತಕ್ಕೆ ಬಂದವನು. ನನ್ನ ಪೂರ್ತಿ ಹೆಸರು ನಾಗರಾಜ. ಊರಿನವರ ಬಾಯಲ್ಲಿ ರೇಡಿಯೋ ನಾಗ. ಆ ಹೆಸರಿಗೆ ತಕ್ಕ ಹಾಗೆ ನನಗೆ ಸ್ವಲ್ಪ ಕೊಬ್ಬೂ ಇತ್ತು. ಸದ್ದು ಮಾಡುವ ಯಾವ ಯಂತ್ರವಾದರೂ ನನ್ನ ಮಾತು ಕೇಳುತ್ತದೆ ಎಂದು ನಂಬಿದ್ದ ಕಾಲ ಅದು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಮುನಿವೆಂಕಟಪ್ಪನವರು ಅಂಗಡಿಗೆ ಬಂದರು. ಕೃಷ್ಣಗಿರಿ ರಸ್ತೆಯಲ್ಲಿ ಶೂಳಗಿರಿಗೆ ಮುಂಚೆ ಸಿಗುವ ಒಂದು ಹಳ್ಳಿಯ ಮಾವಿನ ತೋಟದ ರೈತರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಮಾತು ಕಮ್ಮಿ. ಅವರ ಹತ್ತಿರ ೧೯೫೧ರ ಒಂದು ಇಂಗ್ಲಿಷ್ ಸಲೂನ್ ಕಾರಿತ್ತು. ಬೆಂಗಳೂರಿನ ದಂಡಿನಲ್ಲಿದ್ದ ಒಬ್ಬ ಮುದುಕ ಡಾಕ್ಟರರಿಂದ ಕೊಂಡದ್ದು. ಕಡು ಹಸಿರು ಬಣ್ಣ, ಹಡಗಿನಂಥ ಮೂತಿ, ಒಳಗೆ ಚರ್ಮದ ಸೀಟು, ತೇಗದ ಡ್ಯಾಶ್‌ಬೋರ್ಡು. ಅದು ಹೆದ್ದಾರಿಯಲ್ಲಿ ಹೋಗುತ್ತಿದ್ದರೆ ಟೀ ಅಂಗಡಿಯವರು ಲೋಟ ಕೆಳಗಿಟ್ಟು ನೋಡುತ್ತಿದ್ದರು. ಮುನಿವೆಂಕಟಪ್ಪನವರ ಹೆಂಡತಿ ತಾಯಮ್ಮ ಮಾತ್ರ ಆ ಕಾರನ್ನು ಸವತಿ ಅಂತಲೇ ಕರೆಯುತ್ತಿದ್ದರು. ಒಂದು ಗೌರಿ ಹಬ್ಬಕ್ಕೆ ತವರಿಗೆ ಹೊರಟಾಗ ಅದು ನಡುದಾರಿಯಲ್ಲಿ ನಿಂತು, ಹೊಸ ಸೀರೆ ಉಟ್ಟವರು ಇಳಿದು ಹಿಂದಿನಿಂದ ತಳ್ಳಬೇಕಾಗಿ ಬಂದಿತ್ತಂತೆ. ಅಂದಿನಿಂದ ಅವರು ಅದರ ಬಾಗಿಲು ಮುಟ್ಟಿರಲಿಲ್ಲ.

ಈಗ ಮಗಳು ಮಂಜುಳಾಗೆ ವೈಶಾಖದಲ್ಲಿ ಮದುವೆ ಗೊತ್ತಾಗಿತ್ತು. ವರ ಅಂಚೆಟ್ಟಿ ಕಡೆಯ ಒಂದು ಬೆಟ್ಟದ ಹಳ್ಳಿಯಲ್ಲಿ ಶಾಲೆಯ ಮೇಷ್ಟ್ರು. ಮದುವೆ ಮುಗಿದ ಮೇಲೆ ಹುಡುಗಿಯನ್ನು ಅದೇ ಕಾರಿನಲ್ಲಿ ಕಳಿಸಿಕೊಡಬೇಕು ಎನ್ನುವುದು ಅಪ್ಪನ ಆಸೆ, ದಾರಿಯುದ್ದಕ್ಕೂ ಹಾಡು ಇರಬೇಕು ಎನ್ನುವುದು ಮಗಳ ಆಸೆ. ತಾಯಮ್ಮ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಮದುವೆಯಲ್ಲಿ ಈ ಕಾರಿನಿಂದ ಒಂದು ಸಣ್ಣ ತೊಡಕಾದರೂ ಅದನ್ನು ಮಾರಿಬಿಡಬೇಕು. ಹಳೆಯ ಕಾರುಗಳನ್ನು ಕೂಡಿಡುವ ಬೆಂಗಳೂರಿನ ಸಾಹೇಬರೊಬ್ಬರು ಆಗಲೇ ಎರಡು ಸಲ ಬಂದು ನೋಡಿ ಹೋಗಿದ್ದರು. ಮುನಿವೆಂಕಟಪ್ಪನವರು ಕೊಟ್ಟ ಮಾತಿಗೆ ತಪ್ಪುವವರಲ್ಲ, ಕಾರನ್ನು ಬಿಟ್ಟು ಇರುವವರೂ ಅಲ್ಲ. ಇದನ್ನೆಲ್ಲ ಹೇಳಿ ಮುಗಿಸಿ ಅವರು ನನ್ನ ಕಡೆ ನೋಡಿದರು.

"ಕಾರಿಗೆ ಒಂದ್ ತೂತೂ ಕೊರೀಬಾರ್ದು, ಒಂದ್ ಸ್ಕ್ರೂನೂ ಹೊಡೀಬಾರ್ದು. ಹಾಡ್ ಮಾತ್ರ ಬರ್ಬೇಕು. ಇನ್ ಅದು ನನ್ತಾವ ಉಳಿಯಾದು ಬಿಡಾದು ನಿನ್ ಕೈಲೈತೆ ಕಣಪ್ಪ."

ಕಾರನ್ನು ನೋಡಿದ ಮೇಲೆ ಗೊತ್ತಾಯಿತು, ಕೆಲಸ ಸಲೀಸಲ್ಲ ಎಂದು. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಕಾರಿನ ಕಬ್ಬಿಣದ ಮೈಗೆ ಜೋಡಿಸಿರುತ್ತಾರೆ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಉಲ್ಟಾ, ಪ್ಲಸ್ ತಂತಿ ಮೈಗೆ. ಇದನ್ನು ಪಾಸಿಟಿವ್ ಅರ್ತ್ ಎನ್ನುತ್ತಾರೆ. ಮಾರ್ಕೆಟ್ಟಿನಲ್ಲಿ ಸಿಗುವ ಕಾರ್ ಸ್ಟೀರಿಯೋದ ತಗಡಿನ ಮೈ ಮೈನಸ್ಸು. ಹಾಗೇ ತಂದು ಡ್ಯಾಶ್‌ಬೋರ್ಡಿನ ಕಬ್ಬಿಣಕ್ಕೆ ತಾಗಿಸಿದರೆ ಹಾಡು ಬರುವ ಬದಲು ಹೊಗೆ ಬರುತ್ತದೆ. ಅದಕ್ಕೆ ಸ್ಟೀರಿಯೋವನ್ನು ಒಂದು ತೇಗದ ಪೆಟ್ಟಿಗೆಯೊಳಗೆ ಕೂರಿಸಿ, ಸುತ್ತ ರಬ್ಬರ್ ಕೊಟ್ಟು, ಮುಂದಿನ ಸೀಟಿನ ನಡುವೆ ಬೆಲ್ಟು ಕಟ್ಟಿ ನಿಲ್ಲಿಸಿದೆ. ಬ್ಯಾಟರಿಯಿಂದಲೇ ಬೇರೆ ಜೋಡಿ ತಂತಿ ಎಳೆದು, ನಡುವೆ ಫ್ಯೂಸ್ ಹಾಕಿದೆ. ಕಾರಿನ ಮೈಗೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ತೊಂದರೆ ಡೈನಮೋದ್ದು. ಹಳೆಯ ಡೈನಮೋ ಎಂಜಿನ್ ನಿಧಾನವಾಗಿ ಓಡುವಾಗ ಬ್ಯಾಟರಿಯನ್ನು ಹೆಚ್ಚು ತುಂಬುವುದಿಲ್ಲ. ಬೆಟ್ಟದ ರಸ್ತೆಯಲ್ಲಿ ತೆವಳುತ್ತಾ ಹೋಗುವ ಮದುವೆ ಕಾರಿಗೆ ದೊಡ್ಡ ಆಂಪ್ಲಿಫೈಯರ್ ಇಟ್ಟರೆ ಮಧ್ಯದಲ್ಲಿ ಬ್ಯಾಟರಿ ಕೂತು, ಮದುವಣಗಿತ್ತಿಯೇ ಇಳಿದು ತಳ್ಳಬೇಕಾಗುತ್ತದೆ. ಹಾಗಾಗಿ ಕಡಿಮೆ ವ್ಯಾಟ್ಸು, ಆದರೆ ತುಂಬಿದ ಸದ್ದು. ಆರು ಇಂಚಿನ ಎರಡು ಸ್ಪೀಕರ್ ಸಾಕು ಎಂದು ತೀರ್ಮಾನಿಸಿದೆ. ಅವಕ್ಕೆ ಮನೆ ಯಾವುದು ಎನ್ನುವುದೇ ಪ್ರಶ್ನೆಯಾಗಿತ್ತು. ಬರಿಯ ಸ್ಪೀಕರ್ ಮುಂದಕ್ಕೆ ತಳ್ಳಿದ ಗಾಳಿಯನ್ನು ಹಿಂದಿನಿಂದ ಅದೇ ಎಳೆದುಕೊಂಡು ತನ್ನ ಸದ್ದನ್ನು ತಾನೇ ನುಂಗುತ್ತದೆ. ಹಿಂದಿನ ಗಾಳಿಯನ್ನು ಕೂಡಿಹಾಕಲು ಒಂದು ಗೂಡು ಬೇಕು. ಪ್ಲೈವುಡ್ ಪೆಟ್ಟಿಗೆ ಮಾಡಿ ನೋಡಿದೆ. ಹಿಂದಿನ ಸೀಟಿನ ಮುಂದೆ ಇಟ್ಟರೆ ಕಾಲು ಚಾಚಲು ಜಾಗವಿಲ್ಲ, ಮೇಲಾಗಿ ಕಾರು ಕುಲುಕಿದಾಗ ಗಡಗಡ ನಡುಗುತ್ತಿತ್ತು.

ಆಗ ನೆನಪಾದದ್ದು ಮಡಕೆ. ಆ ದಿನಗಳಲ್ಲಿ ನಮ್ಮ ಕಡೆಯ ಟೀ ಅಂಗಡಿ, ಕ್ಷೌರದ ಅಂಗಡಿಗಳಲ್ಲಿ ಸ್ಪೀಕರನ್ನು ಒಂದು ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿ ಮೂಲೆಯಲ್ಲಿ ಇಟ್ಟಿರುತ್ತಿದ್ದರು. ಸುಟ್ಟ ಮಣ್ಣು ಗಟ್ಟಿ, ಗುಂಡಗಿರುವುದರಿಂದ ನಡುಗುವುದಿಲ್ಲ, ತಮಟೆ ಬಡಿದರೆ ಎದೆಗೆ ತಾಗುವಂತೆ ಸದ್ದು ಕೊಡುತ್ತದೆ. ಇಂಜಿನಿಯರಿಂಗ್ ಪುಸ್ತಕಗಳಲ್ಲಿ ಇದು ಇಲ್ಲ. ಹೊಸೂರಿನಿಂದ ಕೃಷ್ಣಗಿರಿವರೆಗೆ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಿದ್ದರು.

ಕುಂಬಾರರ ಬೀದಿಗೆ ಹೋಗಿ ಒಂದೇ ಅಳತೆಯ, ಸುಮಾರು ಹತ್ತು ಲೀಟರ್ ಹಿಡಿಯುವ ಎರಡು ಮಡಕೆ ಆರಿಸಿದೆ. ಬೆರಳಿನಿಂದ ತಟ್ಟಿ ತಟ್ಟಿ ನಾದ ಕೇಳುತ್ತಿದ್ದವನನ್ನು ನೋಡಿ ಕುಂಬಾರ, ಇದರಲ್ಲಿ ಸಾರು ಕಾಯಿಸುತ್ತೀಯೋ ಕಚೇರಿ ಮಾಡುತ್ತೀಯೋ ಎಂದು ತೆಲುಗಿನಲ್ಲಿ ಕಿಚಾಯಿಸಿದ. ಅಂಗಡಿಗೆ ತಂದು, ಬಾಸ್, ಅಂದರೆ ತಗ್ಗಿನ ದಪ್ಪ ಸದ್ದು, ಇನ್ನೂ ಚೆನ್ನಾಗಿ ಬರಲಿ, ತಂತಿ ಹೊರಗೆ ಬರಲೂ ದಾರಿಯಾಗಲಿ ಎಂದು ಒಂದೊಂದರ ಹೆಗಲಿಗೂ ಕೈ ಡ್ರಿಲ್ಲಿನಿಂದ ನಿಧಾನವಾಗಿ ಒಂದು ತೂತು ಕೊರೆದೆ. ಎರಡು ಮಡಕೆಯೂ ಒಡೆಯದೆ ತೂತಾಗಿದ್ದು ನನಗೆ ಹೆಮ್ಮೆ. ಸ್ಪೀಕರ್ ಕೂರಿಸಿ, ಧೂಳು ಬೀಳದಿರಲು ಬಾಯಿಗೆ ತೆಳುವಾದ ಬಿಳಿ ಮಲ್ ಬಟ್ಟೆ ಬಿಗಿದು ಕಟ್ಟಿದೆ. ಹಿಂದಿನ ಸೀಟಿನ ಎರಡೂ ತುದಿಯಲ್ಲಿ, ಬಾಗಿಲ ಪಕ್ಕದ ನೆಲದ ಮೇಲೆ ತೆಂಗಿನ ನಾರಿನ ಸಿಂಬಿ ಇಟ್ಟು, ಅದರ ಮೇಲೆ ಮಡಕೆಗಳನ್ನು ಕೂರಿಸಿದೆ. ಹೆಂಗಸರು ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಸಿಂಬಿಗಿಂತ ಒಳ್ಳೆಯ ಶಾಕ್ ಅಬ್ಸಾರ್ಬರ್ ನಾನು ಇವತ್ತಿಗೂ ಕಂಡಿಲ್ಲ.

ಆ ದಿನ ಅವರ ಮನೆಯ ಅಂಗಳದಲ್ಲಿ ಚಪ್ಪರಕ್ಕೆ ಕಂಬ ನೆಡುತ್ತಿದ್ದರು. ಎಂಜಿನ್ ಓಡುವಾಗ ಕಾರಿನೊಳಗೆ ಎಷ್ಟು ಸದ್ದು ಇರುತ್ತದೆ ಎಂದು ಟೇಪಿನಲ್ಲಿ ಹಿಡಿದುಕೊಂಡು, ಅಂಗಡಿಗೆ ಹೋಗಿ ಸಮಾಧಾನವಾಗಿ ಕೇಳಬೇಕಿತ್ತು. ಎಷ್ಟು ವಾಲ್ಯೂಮ್ ಬೇಕು ಎನ್ನುವುದು ಅದರಿಂದಲೇ ಗೊತ್ತಾಗುವುದು. ಹಿಂದಿನ ಸೀಟಿನ ಮೇಲೆ ನನ್ನ ಕ್ಯಾಸೆಟ್ ರೆಕಾರ್ಡರ್ ಇಟ್ಟು, ರೆಕಾರ್ಡ್ ಗುಂಡಿ ಒತ್ತಿ, ಮುನಿವೆಂಕಟಪ್ಪನವರ ಕೈಲಿ ಎಂಜಿನ್ ಚಾಲೂ ಮಾಡಿಸಿದೆ. ಅಷ್ಟರಲ್ಲಿ ತಾಯಮ್ಮ ಕೈಯಲ್ಲಿ ಅರಿಶಿನದ ಬಟ್ಟಲು ಹಿಡಿದು ಅತ್ತ ಬಂದರು. ಸವತಿಗೆ ಏನು ಸಿಂಗಾರ ಮಾಡುತ್ತಿದ್ದಾರೆ ಎಂದು ಬಗ್ಗಿ ನೋಡಿದರು. ಅವರ ಮುಖ ಬಿಳಚಿಕೊಂಡಿತು.

"ಲೇ ನಾಗ, ತೂತ್ ಮಡ್ಕೆಗೆ ಬಿಳೀ ಬಟ್ಟೆ ಕಟ್ಟಿ ಮದ್ವೆ ಗಾಡೀಲಿ ಇಕ್ಕಿದ್ದೀಯಲ್ಲಾ, ಯಾರ್ನ ಕಳಿಸ್ಕೊಡಾಕ್ಲಾ ಇದು? ನನ್ ಮಗ್ಳು ಆ ಬೆಟ್ಟದಾಗೆ ಒಬ್ಳೇ ಬದುಕ್ಬೇಕು, ಅವ್ಳ ಕಾಲಿಗೆ ಒಂದ್ ಮುಳ್ಳೂ ಚುಚ್ಬಾರ್ದು ಅಂತ ನಾನು ದಿನಾ ದ್ಯಾವ್ರಿಗೆ ಕೈ ಮುಗೀತಿದ್ರೆ, ನೀವಿಬ್ರೂ ಸೇರ್ಕಂಡು ಇಂಥಾ ಕೆಲ್ಸ ಮಾಡೀರಾ?"

ಎಂಜಿನ್ನಿಗಿಂತ ಅವರ ದನಿಯೇ ಮೇಲಿತ್ತು. ನನಗೆ ಆಗ ಹೊಳೆಯಿತು. ಸ್ಮಶಾನದಲ್ಲಿ ಮಗನಾದವನು ನೀರು ತುಂಬಿದ ಮಡಕೆಯನ್ನು ಹೆಗಲ ಮೇಲೆ ಹೊತ್ತು ಸುತ್ತು ಬರುವಾಗ, ಸುತ್ತಿಗೊಂದರಂತೆ ಅದಕ್ಕೆ ತೂತು ಮಾಡುತ್ತಾರೆ, ಕೊನೆಗೆ ಒಡೆಯುತ್ತಾರೆ. ನಮ್ಮಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದು ಗೊತ್ತಿಲ್ಲದ್ದಲ್ಲ, ನನ್ನಪ್ಪನಿಗೆ ನಾನೇ ಹೊತ್ತಿದ್ದೇನೆ. ಆದರೂ ಡ್ರಿಲ್ ಹಿಡಿದಾಗ ನನ್ನ ಕಣ್ಣಿಗೆ ಸ್ಪೀಕರ್ ಕ್ಯಾಬಿನೆಟ್ ಕಂಡಿತೇ ಹೊರತು ಮಡಕೆ ಕಾಣಲಿಲ್ಲ. ಟೀ ಅಂಗಡಿಯಲ್ಲಿ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮದುವೆ ಗಾಡಿಯಲ್ಲಿ, ಹುಡುಗಿಯ ಕಾಲ ಬಳಿ, ಬಿಳಿ ಬಟ್ಟೆ ಕಟ್ಟಿ ಇಟ್ಟಿದ್ದೆ. ಮುನಿವೆಂಕಟಪ್ಪನವರು ಎಂಜಿನ್ ನಿಲ್ಲಿಸಿ ತಲೆ ತಗ್ಗಿಸಿಕೊಂಡು ನಿಂತರು. ತಾಯಮ್ಮ ಬೈದು ಬೈದು ಸುಸ್ತಾಗಿ, ಮದುವೆಯ ಮಾರನೆಯ ದಿನವೇ ಈ ದರಿದ್ರದ ಕಾರು ಮನೆ ಬಿಟ್ಟು ಹೋಗಬೇಕು ಎಂದು ಹೇಳಿ ಒಳಗೆ ಹೋದರು. ನಾನು ಮಡಕೆ, ರೆಕಾರ್ಡರ್ ಎಲ್ಲ ಎತ್ತಿಕೊಂಡು ಲೂನಾ ಮೊಪೆಡ್ ಹತ್ತಿದೆ.

ಮರುದಿನ ಮುನಿವೆಂಕಟಪ್ಪನವರು ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. ಬೈಯಲಿಲ್ಲ. ಬೆಂಗಳೂರಿನ ಸಾಹೇಬರಿಗೆ ಹೇಳಿ ಕಳಿಸಲು ಹೆಂಡತಿ ಹೇಳಿದ್ದಾಳೆ ಎಂದರು. ಆ ಕಾರು ಕೊಂಡ ವರ್ಷವೇ ಮಂಜುಳಾ ಹುಟ್ಟಿದ್ದು, ಅವಳನ್ನು ಹೊಸೂರು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಅದರಲ್ಲೇ ಎಂದರು. ಅವರ ಆ ಮಾತು ನನಗೆ ತಾಯಮ್ಮನ ಬೈಗುಳಕ್ಕಿಂತ ಭಾರವಾಯಿತು.

ಹಾಡಿನ ಆಸೆಯನ್ನೇ ಕೈಬಿಡುವುದು ಒಂದು ದಾರಿ. ನನ್ನ ಕೊಬ್ಬು ಅದಕ್ಕೆ ಒಪ್ಪಲಿಲ್ಲ. ಬೇರೆ ಬಗೆಯ ಪೆಟ್ಟಿಗೆ ಮಾಡಲು ಕಾರಿನಲ್ಲಿ ಜಾಗವಿಲ್ಲ. ಸಂಜೆಯವರೆಗೆ ಯೋಚಿಸಿ, ಕೊನೆಗೆ ಆವರೆಗೆ ಮಾಡದಿದ್ದ ಒಂದು ಕೆಲಸ ಮಾಡಿದೆ. ತಾಯಮ್ಮನವರ ಮನೆಗೇ ಹೋಗಿ, ಜಗಲಿಯ ಮೇಲೆ ಕೂತು, ನೀವೇ ಹೇಳಿ ಅಮ್ಮ, ಹುಡುಗಿಯ ಜೊತೆ ಕಾರಿನಲ್ಲಿ ಎಂಥ ಮಡಕೆ ಹೋಗಬಹುದು ಎಂದು ಕೇಳಿದೆ. ಮೊದಲು ಅವರು ಮುಖ ತಿರುಗಿಸಿಕೊಂಡು ಅಕ್ಕಿ ಕೇರುತ್ತಿದ್ದರು. ಮೊರ ಎರಡು ಸಲ ಖಾಲಿಯಾದ ಮೇಲೆ ಮಾತಾಡಿದರು.

"ಅರಿವೇಣಿ ಆದ್ರೆ ಹೋಗ್ತದೆ. ಅದ್ ಮುಂದೆ ಇದ್ರೇನೇ ಹೆಣ್ಣಿಗೆ ಸೊಗಸು. ತೂತಿರ್ಬಾರ್ದು, ಸುಣ್ಣ ಕೆಮ್ಮಣ್ಣು ಬಳ್ದಿರ್ಬೇಕು. ಬಿಳೀ ಬಟ್ಟೆ ಕಂಡ್ರೆ ಮಾತ್ರ ನಿನ್ನ ಸುಮ್ಕೆ ಬಿಡಾಕಿಲ್ಲ."

ಮದುವೆಗೆ ಕುಂಬಾರರ ಮನೆಯಿಂದ ದೀಪ ಹಚ್ಚಿಕೊಂಡು ಹೋಗಿ ತರುವ, ಸುಣ್ಣ ಕೆಮ್ಮಣ್ಣಿನಲ್ಲಿ ಚಿತ್ರ ಬರೆದ ಮಡಕೆಗಳಿಗೆ ನಮ್ಮ ಕಡೆ ಅರಿವೇಣಿ ಎನ್ನುತ್ತಾರೆ. ಅದೇ ಮಣ್ಣು, ಅದೇ ಕುಂಬಾರ. ಒಂದು ಮಡಕೆ ಸಾವಿಗೆ, ಒಂದು ಮದುವೆಗೆ. ನಾನು ಹೊಸದಾಗಿ ಎರಡು ಮಡಕೆ ತಂದು ಕೊಟ್ಟೆ. ಶಾಸ್ತ್ರದ ಅರಿವೇಣಿ ಬೇರೆ ಇರಲಿ, ಇವು ಅದರ ತಂಗಿಯರು ಎಂದು ತಾಯಮ್ಮನೇ ಹೇಳಿ, ಜಗಲಿಯ ಮೇಲೆ ಕೂತು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಳ್ಳಿ, ಚುಕ್ಕಿ, ಸೂರ್ಯ, ಚಂದ್ರ ಬರೆದರು. ಸೂರ್ಯ ಸ್ವಲ್ಪ ಸೊಟ್ಟಗೆ ಬಂದ. ಅದು ನಿನ್ನ ಮುಖ ನೋಡಿ ಹಾಗಾಗಿದ್ದು ಎಂದರು. ಬಾಯಿಗೆ ಕಟ್ಟಲು ಹಳದಿ ಬಟ್ಟೆಯನ್ನೂ ಅವರೇ ಕೊಟ್ಟರು.

ತೂತು ಇಲ್ಲದೆ ತಂತಿ ಹೊರಗೆ ತರುವುದು ಹೇಗೆ? ಹಳೆಯ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಮಡಕೆಯ ಬಾಯಿಗೂ ಸ್ಪೀಕರಿಗೂ ನಡುವೆ ಇಟ್ಟು, ತಂತಿಯನ್ನು ಅದರ ಅಡಿಯಿಂದ ತಂದೆ. ಒಳಗೆ ಬೂರುಗದ ಹತ್ತಿ ತುಂಬಿದೆ. ಗಾಳಿ ಹೋಗಲು ದಾರಿಯಿಲ್ಲದ್ದರಿಂದ ಬಾಸ್ ಸತ್ತೇ ಹೋಗುತ್ತದೆ ಎಂದು ನಾನು ಹೆದರಿದ್ದೆ. ಅಂಗಡಿಯಲ್ಲಿ ಕೇಳಿದಾಗ ಅಚ್ಚರಿಯಾಯಿತು. ಮೊದಲಿನ ಮಡಕೆಯ ತೂತು ಒಂದೇ ಸ್ವರವನ್ನು ಹಿಡಿದು ಗುಂಯ್ ಎನ್ನಿಸುತ್ತಿತ್ತು, ಅದು ಎಂಜಿನ್ನಿನ ಗುಂಯ್ ಜೊತೆ ಸೇರಿ ಹಾಡಿನ ಮಾತು ಮುಚ್ಚಿಹೋಗುತ್ತಿತ್ತು. ಈಗ ಬಾಸ್ ಕೊಂಚ ಕಡಿಮೆಯಾದರೂ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು. ತಾಯಮ್ಮ ಬೇಡವೆಂದದ್ದನ್ನು ತೆಗೆದದ್ದರಿಂದ ನನ್ನ ಡಿಸೈನ್ ಸುಧಾರಿಸಿತ್ತು. ಇದನ್ನು ಅವರಿಗೆ ಹೇಳಲು ಮಾತ್ರ ನಾನು ಆತುರ ಮಾಡಲಿಲ್ಲ.

ಮದುವೆಗೆ ಮೂರು ದಿನ ಮುಂಚೆ ಚಪ್ಪರದ ಕೆಳಗೆ ಕಾರು ನಿಲ್ಲಿಸಿ ಟೆಸ್ಟ್ ಇಟ್ಟುಕೊಂಡೆವು. ನೆಂಟರ ಹೆಂಗಸರು, ಚಪ್ಪರದ ಕೆಲಸದವರು ಎಲ್ಲ ಸುತ್ತ ನಿಂತಿದ್ದರು. ಹಾಡು ತುಂಬಿಸಿ ತಂದಿದ್ದ ಕ್ಯಾಸೆಟ್ಟನ್ನು ಹಾಕಿ ಗುಂಡಿ ಒತ್ತಿದೆ. ಹಾಡಿನ ಬದಲು ಎಂಜಿನ್ ಸದ್ದು ಬಂತು. ಎಂಜಿನ್ ನಿಂತಿದೆ, ಸದ್ದು ಮಾತ್ರ ಓಡುತ್ತಿದೆ. ಮುನಿವೆಂಕಟಪ್ಪನವರು ಗಾಬರಿಯಾಗಿ ಬಾನೆಟ್ ಎತ್ತಲು ಓಡಿದರು. ನಾನು ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು, ಅಂದು ಎಂಜಿನ್ ಸದ್ದು ಹಿಡಿದಿದ್ದ ಮಗ್ಗುಲು ಹಾಕಿದ್ದೆ. ತೆಗೆಯಲು ಕೈ ಹಾಕುವಷ್ಟರಲ್ಲಿ ಎರಡೂ ಮಡಕೆಯೊಳಗಿಂದ ತಾಯಮ್ಮನ ದನಿ ಹೊರಟಿತು. ಲೇ ನಾಗ ಎನ್ನುವುದರಿಂದ ಹಿಡಿದು ಒಂದು ಅಕ್ಷರವೂ ತಪ್ಪದೆ, ಮುಳ್ಳು, ದ್ಯಾವರು, ದರಿದ್ರ ಎಲ್ಲವೂ ಬಂತು. ತಾಯಮ್ಮ ಕಣ್ಣು ಅಗಲ ಮಾಡಿ ಮಡಕೆಯನ್ನೇ ನೋಡುತ್ತಿದ್ದರು. ತಮ್ಮ ದನಿಯನ್ನು ಅವರು ಕೇಳಿದ್ದು ಅದೇ ಮೊದಲು.

"ನಾನು ಇಷ್ಟ್ ಗಟ್ಟಿಯಾಗಾ ಮಾತಾಡಾದು?"

"ಇದ್ನ ನಾಗ ವಾಲ್ಯೂಮ್ ಕಮ್ಮಿ ಮಾಡಿ ಮಡಗವ್ನೆ" ಎಂದರು ಮುನಿವೆಂಕಟಪ್ಪನವರು, ಬಾನೆಟ್ಟಿನ ಹಿಂದಿನಿಂದ.

ಮೊದಲು ನಕ್ಕದ್ದು ಮಂಜುಳಾ. ಆಮೇಲೆ ಚಪ್ಪರದವರು ಏಣಿಯ ಮೇಲೆ ನಿಂತೇ ನಕ್ಕರು. ತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು, ನಗು ತಡೆಯಲಾರದೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಒಳಗೆ ಹೋದರು. ಕಾರಿನ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಸಾಹೇಬರಿಗೆ ಕರೆ ಹೋಗಿಯಾಗಿತ್ತು, ಮದುವೆ ಮುಗಿದ ವಾರದಲ್ಲಿ ಬರುವವರಿದ್ದರು.

ಮದುವೆ ಚೆನ್ನಾಗಿ ನಡೆಯಿತು. ಹುಡುಗಿಯನ್ನು ಕಳಿಸಿಕೊಡುವಾಗ ತಾಯಿ ಜೊತೆಯಲ್ಲಿ ಹೋಗುವ ವಾಡಿಕೆ ಅವರಲ್ಲಿ ಇಲ್ಲ. ಮುನಿವೆಂಕಟಪ್ಪನವರೇ ಕಾರು ಓಡಿಸಿದರು, ಬ್ಯಾಟರಿ ನೋಡಿಕೊಳ್ಳಲು ನಾನು ಮುಂದೆ ಕೂತೆ. ಹಿಂದೆ ಮೇಷ್ಟ್ರು, ಮಂಜುಳಾ, ಅವಳ ಸೋದರತ್ತೆ. ದೇಂಕಣಿಕೋಟೆಯವರೆಗೆ ಸಿನಿಮಾ ಹಾಡುಗಳು ಜೋರಾಗಿ ಬಂದವು, ದಾರಿಯ ಜನ ನಿಂತು ಕೇಳಿದರು. ಅಲ್ಲಿಂದ ಮುಂದೆ ಕಾಡು, ತಿರುವು, ಊರುಗಳೇ ಇಲ್ಲ. ಹಾಡಿನ ನಡುವೆ ಹುಡುಗಿ ಬಿಕ್ಕುವುದು ಕೇಳಿಸಿತು. ಅತ್ತೆ ಸಮಾಧಾನ ಮಾಡಿದರು, ಮೇಷ್ಟ್ರು ನೀರು ಕೊಟ್ಟರು, ಅಳು ನಿಲ್ಲಲಿಲ್ಲ. ಮುನಿವೆಂಕಟಪ್ಪನವರು ರಸ್ತೆಯ ಮೇಲಿಂದ ಕಣ್ಣು ಕೀಳದೆ ಸ್ಟೀರಿಂಗ್ ಬಿಗಿಯಾಗಿ ಹಿಡಿದಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮಂಜುಳಾ ನನ್ನ ಹೆಗಲು ಮುಟ್ಟಿದಳು.

"ನಾಗಣ್ಣ, ನಮ್ಮಮ್ಮ ಬೈದಿದ್ದು ಐತಲ್ಲ, ಅದ್ನ ಹಾಕು."

ಹಾಕಿದೆ. ಮಡಕೆಗಳಿಂದ ತಾಯಮ್ಮ ಬೈಯತೊಡಗಿದರು. ಹುಡುಗಿ ಅಳುತ್ತಲೇ ನಕ್ಕಳು. ಒಂದು ಮುಳ್ಳೂ ಚುಚ್ಬಾರ್ದು ಎನ್ನುವ ಮಾತು ಬಂದಾಗ ಬಗ್ಗಿ ಮಡಕೆಯ ಮೇಲೆ ಕೈ ಇಟ್ಟುಕೊಂಡಳು. ಮುಗಿದ ಮೇಲೆ ಇನ್ನೊಂದು ಸಲ ಎಂದಳು. ಅಂಚೆಟ್ಟಿ ತಲುಪುವುದರೊಳಗೆ ಅದನ್ನು ಮತ್ತೆ ಮತ್ತೆ ತಿರುಗಿಸಿ ಹಾಕಿದೆ. ಕೊನೆಕೊನೆಗೆ ಮೇಷ್ಟ್ರಿಗೂ ಬೈಗುಳ ಬಾಯಿಪಾಠವಾಗಿ ಅವರೂ ಜೊತೆಯಲ್ಲಿ ಹೇಳುತ್ತಿದ್ದರು. ಹುಡುಗಿ ಗಂಡನ ಮನೆಯ ಮುಂದೆ ಇಳಿದಾಗ ಮುಖದಲ್ಲಿ ನಗು ಇತ್ತು.

ಮುಂದಿನ ವಾರ ಬೆಂಗಳೂರಿನ ಸಾಹೇಬರು ಬಂದರು. ನಾನು ನನ್ನ ಸಾಮಾನು ಬಿಚ್ಚಿಕೊಳ್ಳಲು ಹೋಗಿದ್ದೆ. ಅಷ್ಟರಲ್ಲಿ ತಾಯಮ್ಮನಿಗೆ ದಾರಿಯಲ್ಲಿ ನಡೆದದ್ದನ್ನು ಸೋದರತ್ತೆ ಹೇಳಿದ್ದರು. ನನ್ನ ಬಳಿ ಬಂದು, ನಿಜವೇನೋ, ಎಷ್ಟು ಸಲ ಹಾಕಿಸಿಕೊಂಡಳು, ಅಳು ನಿಲ್ಲಿಸಿದ್ದು ಎಲ್ಲಿ ಎಂದು ವಿಚಾರಿಸಿದರು. ಸಾಹೇಬರು ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಬಾಗಿಲು ತೆಗೆದು, ಈ ಮಡಕೆಗಳನ್ನು ತೆಗೆಸಿಬಿಡಿ, ಉಳಿದದ್ದೆಲ್ಲ ಒಪ್ಪಿಗೆ ಎಂದರು. ಮುನಿವೆಂಕಟಪ್ಪನವರು ಹೆಂಡತಿಯ ಕಡೆ ನೋಡಿದರು.

"ಅರಿವೇಣಿ ಕುಂತಿರೋ ಗಾಡೀನ ಯಾರಾನ ಮಾರ್ತಾರಾ ಸಾಮಿ?" ಎಂದರು ತಾಯಮ್ಮ.

ಹತ್ತು ನಿಮಿಷದ ಕೆಲಸ, ಬಿಚ್ಚಿ ಮನೆಯೊಳಗೆ ಇಟ್ಟುಬಿಡುತ್ತೇನೆ ಎಂದು ನಾನು ಪೆದ್ದುಪೆದ್ದಾಗಿ ಸ್ಕ್ರೂಡ್ರೈವರ್ ತೆಗೆದೆ. ತಾಯಮ್ಮ ನೋಡಿದ ನೋಟಕ್ಕೆ ಅದು ವಾಪಸ್ ಜೇಬಿಗೆ ಹೋಯಿತು. ಸಾಹೇಬರು ಕಾಫಿ ಕುಡಿದು, ಒಂದು ಚೀಲ ಮಾವಿನಕಾಯಿ ಹಿಡಿದುಕೊಂಡು ಬೆಂಗಳೂರಿಗೆ ಹೋದರು. ಅವರ ಕಾರು ತಿರುವು ದಾಟಿದ ಮೇಲೆ ತಾಯಮ್ಮ ನನ್ನ ಕಡೆ ತಿರುಗಿದರು.

"ಭಾನುವಾರ ಇವ್ರು ಮಗ್ಳ ನೋಡಾಕೆ ಅಂಚೆಟ್ಟಿಗೆ ಹೋಗ್ತವ್ರೆ. ಆ ಮಾತ್ ಹಿಡ್ಕಳಾ ಮಿಷನ್ ತಂದಿದ್ದೀಯೇನ್ಲಾ?"

ತಂದಿದ್ದೆ. ಎರಡು ಗುಂಡಿ ಒಟ್ಟಿಗೆ ಒತ್ತುವುದನ್ನು ತೋರಿಸಿಕೊಟ್ಟೆ. ಗೌರಿ ಹಬ್ಬದ ಆ ದಿನದ ಮೇಲೆ ಮೊದಲ ಸಲ ತಾಯಮ್ಮ ತಾವಾಗಿಯೇ ಆ ಕಾರಿನ ಬಾಗಿಲು ತೆಗೆದು ಒಳಗೆ ಕೂತರು. ನಮ್ಮಿಬ್ಬರನ್ನೂ ದೂರ ಹೋಗಿ ಎಂದು ಕೈ ಬೀಸಿ ಕಿಟಕಿಯ ಗಾಜು ಏರಿಸಿಕೊಂಡರು. ನಾವು ಮಾವಿನ ಮರದ ಕೆಳಗೆ ನಿಂತು ನೋಡುತ್ತಿದ್ದೆವು. ಅವರು ಎರಡು ಗುಂಡಿ ಒತ್ತಿ ರೆಕಾರ್ಡರನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಬೆರಳು ಎತ್ತಿ, ತಲೆ ಅಲ್ಲಾಡಿಸಿ, ಮಗಳು ಎದುರಿಗೇ ಕೂತಿದ್ದಾಳೆ ಎನ್ನುವ ಹಾಗೆ ಬೈಯಲು ಶುರು ಮಾಡಿದರು. ಮುನಿವೆಂಕಟಪ್ಪನವರು ಟವೆಲ್ಲಿನಿಂದ ಕಾರಿನ ಬಾನೆಟ್ ಒರೆಸಲು ಹೋದವರು ತಮ್ಮ ಮುಖ ಒರೆಸಿಕೊಂಡರು.

ಆಮೇಲೆ ನಾನು ನೂರಾರು ಕಾರುಗಳಿಗೆ ಸ್ಪೀಕರ್ ಕೂರಿಸಿದೆ. ವ್ಯಾಟ್ಸು, ಓಮ್ಸು, ಇಂಚು ಎಲ್ಲ ಮೀಟರಿನಲ್ಲಿ ಸಿಗುತ್ತವೆ. ಹಿಂದಿನ ಸೀಟಿನಲ್ಲಿ ಕೂರುವವರು ಯಾರು, ಅವರಿಗೆ ಯಾವ ದನಿ ಬೇಕು ಎನ್ನುವುದನ್ನು ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಬೈಸಿಕೊಂಡಾದರೂ ಕೇಳಿ ತಿಳಿದುಕೊಳ್ಳಬೇಕು. ಗಿರಾಕಿ ಎಂಥ ಆತುರದಲ್ಲಿ ಇದ್ದರೂ, ಅದನ್ನು ಕೇಳುವ ಮುಂಚೆ ನಾನು ಡ್ರಿಲ್ ಕೈಗೆ ತೆಗೆದುಕೊಳ್ಳಲಿಲ್ಲ.